ಗಣಿತ ಎಂ.ಎಸ್ಸಿ.: ಅಂಕ ಬಂದವರಿಗೂ ದಾರಿ ಏಕೆ ಕಾಣುತ್ತಿಲ್ಲ?

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸು ಕೆಂಗೇರಿ ದಾಟಿದ ಸ್ವಲ್ಪ ಹೊತ್ತಿಗೆ ಎಂಟನೇ ಮೈಲಿ ಎಂಬ ಜಾಗ ಬರುತ್ತದೆ. ಆರ್.ವಿ. ಎಂಜಿನಿಯರಿಂಗ್ ಕಾಲೇಜು ಇರುವ ಜಾಗವೆಂದರೆ ಎಲ್ಲರಿಗೂ ಗೊತ್ತು. ಅಲ್ಲಿಯೇ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬೆಂಗಳೂರು ಕೇಂದ್ರವೂ ಇದೆ. ದೇಶದಲ್ಲಿ ಗಣಿತ ಕಲಿಯಲು ಇರುವ ಅತ್ಯುತ್ತಮ ಜಾಗಗಳಲ್ಲಿ ಅದು ಒಂದು. ಪಿಯುಸಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಗಣಿತದ ಪದವಿಗೆ ಸೇರಬಹುದು. ಆಯ್ಕೆಯಾದವರಿಗೆ ಶಿಷ್ಯವೇತನ ಸಿಗುತ್ತದೆ. ನಾನು ಮಂಡ್ಯ ಜಿಲ್ಲೆಯಲ್ಲಿ ಇಪ್ಪತ್ತಾರು ವರ್ಷ ಗಣಿತ ಪಾಠ ಮಾಡಿದವಳು. ಪದವಿಯ ಮೊದಲ ತರಗತಿಯಲ್ಲಿ ಈ ಸಂಸ್ಥೆಯ ಹೆಸರು ಕೇಳಿದವರು ಯಾರಾದರೂ ಇದ್ದೀರಾ ಎಂದು ಪ್ರತಿ ವರ್ಷ ಕೇಳುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಮೇಲೆದ್ದ ಕೈಗಳು ಬೆರಳೆಣಿಕೆಯಷ್ಟು. ಅದೇ ರಸ್ತೆಯಲ್ಲಿ, ಅದೇ ಬಸ್ಸಿನಲ್ಲಿ ಆ ಮಕ್ಕಳು ಎಷ್ಟೋ ಸಲ ಓಡಾಡಿರುತ್ತಿದ್ದರು.

ನಿವೃತ್ತಿಯಾದ ಮೇಲೂ ಜೂನ್, ಜುಲೈ ಬಂತೆಂದರೆ ನನಗೆ ಫೋನ್ ಕರೆಗಳು ಬರುತ್ತವೆ. "ಮೇಡಂ, ಎಂ.ಎಸ್ಸಿ. ಮುಗಿಯಿತು. 78 ಪರ್ಸೆಂಟ್ ಬಂದಿದೆ. ಮುಂದೇನು ಮಾಡಲಿ?" ಪ್ರಶ್ನೆ ಸರಿಯಾದದ್ದೇ. ಆದರೆ ಅದು ಮೂರು ವರ್ಷ ತಡವಾಗಿ ಬಂದಿರುತ್ತದೆ. ಗಣಿತ ಓದಿದವರಿಗೆ ಕೆಲಸವೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆಯೇ, ಗಣಿತ ಓದಿದರೆ ನೂರು ದಾರಿ ತಾನಾಗಿ ತೆರೆಯುತ್ತದೆ ಎಂದು ವೃತ್ತಿ ಮಾರ್ಗದರ್ಶನದ ಶಿಬಿರಗಳಲ್ಲಿ ಹೇಳುವುದನ್ನೂ ಒಪ್ಪುವುದಿಲ್ಲ. ದಾರಿಗಳಿವೆ. ಆದರೆ ಅವುಗಳ ಬಾಗಿಲಲ್ಲಿ ಕೇಳುವುದೇ ಒಂದು, ನಾವು ಐದು ವರ್ಷ ಮಕ್ಕಳಿಗೆ ಅಭ್ಯಾಸ ಮಾಡಿಸುವುದೇ ಇನ್ನೊಂದು.

ಮೊದಲು ಎಲ್ಲರಿಗೂ ಗೊತ್ತಿರುವ ದಾರಿ ನೋಡೋಣ. ನಮ್ಮ ಕಡೆ ಗಣಿತ ಎಂ.ಎಸ್ಸಿ. ಎಂದರೆ ಉಪನ್ಯಾಸಕ ಹುದ್ದೆ ಎಂದೇ ಅರ್ಥ. ಸರ್ಕಾರಿ ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ಏಳನೇ ವೇತನ ಶ್ರೇಣಿಯಲ್ಲಿ ಆರಂಭದ ಮೂಲವೇತನವೇ 57,700 ರೂಪಾಯಿ. ಈ ಸಂಖ್ಯೆ ಹಳ್ಳಿಯ ಮನೆಗಳಲ್ಲಿ ಒಂದು ಕನಸನ್ನೇ ಕಟ್ಟುತ್ತದೆ. ಆದರೆ ಆ ಹುದ್ದೆಗೆ ನೇಮಕಾತಿ ವರ್ಷ ವರ್ಷ ನಡೆಯುವುದಿಲ್ಲ. 2021ರಲ್ಲಿ ಇಡೀ ರಾಜ್ಯಕ್ಕೆ, ಎಲ್ಲ ವಿಷಯಗಳೂ ಸೇರಿ, ಕರೆದದ್ದು 1,242 ಹುದ್ದೆ. ಅದರಲ್ಲಿ ಗಣಿತದ ಪಾಲು ಎಷ್ಟು, ಅದರಲ್ಲಿ ತನ್ನ ಮೀಸಲಾತಿ ವರ್ಗದ ಪಾಲು ಎಷ್ಟು ಎಂದು ಲೆಕ್ಕ ಹಾಕುತ್ತ ಹೋದರೆ ಅಭ್ಯರ್ಥಿಯ ಮುಂದೆ ಉಳಿಯುವ ಸೀಟುಗಳು ತೀರಾ ಕಡಿಮೆ. ನೇಮಕಾತಿ ನಡೆಯದ ವರ್ಷಗಳಲ್ಲಿ ಪಾಠ ನಿಲ್ಲುವುದಿಲ್ಲವಲ್ಲ, ಅದನ್ನು ನಡೆಸುವವರು ಅತಿಥಿ ಉಪನ್ಯಾಸಕರು. 2022ರಲ್ಲಿ ಸರ್ಕಾರ ಅವರ ಗೌರವಧನವನ್ನು ಅರ್ಹತೆ ಮತ್ತು ಸೇವಾವಧಿ ನೋಡಿಕೊಂಡು 26 ಸಾವಿರದಿಂದ 32 ಸಾವಿರದವರೆಗೆ ಏರಿಸಿತು. ಅದಕ್ಕೂ ಮುಂಚಿನ ಸ್ಥಿತಿ ನೆನೆದರೆ ಇದು ದೊಡ್ಡ ಏರಿಕೆಯೇ. ಆದರೂ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಕೌನ್ಸೆಲಿಂಗ್‌ಗೆ ಕಾಯಬೇಕು, ಕಾರ್ಯಭಾರ ಕಡಿಮೆಯಾದರೆ ಕಾಲೇಜು ಬಿಡಬೇಕು. ನಲವತ್ತು ದಾಟಿದ ಅತಿಥಿ ಉಪನ್ಯಾಸಕರು ತಮ್ಮ ಹಳೆಯ ವಿದ್ಯಾರ್ಥಿಯ ಪಕ್ಕದಲ್ಲಿ ಅದೇ ಕೌನ್ಸೆಲಿಂಗ್ ಸಾಲಿನಲ್ಲಿ ನಿಂತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ನೋವಿನ ಸಂಗತಿ.

ಆ ಸಾಲಿನಿಂದ ಹೊರಗೆ ಬರಲು ಬೇಕಾದದ್ದು ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಇವೇ ಕನಿಷ್ಠ ಅರ್ಹತೆ ಎಂದು ಯುಜಿಸಿ ಸ್ಪಷ್ಟಪಡಿಸಿದೆ, ಪಿಎಚ್.ಡಿ. ಇದ್ದರೆ ಒಳ್ಳೆಯದು, ಕಡ್ಡಾಯವಲ್ಲ. ಕೆ-ಸೆಟ್ ಪರೀಕ್ಷೆಯನ್ನು ಬಹುಕಾಲ ನಡೆಸಿದ್ದು ಮೈಸೂರು ವಿಶ್ವವಿದ್ಯಾಲಯವೇ. 2023ರಿಂದ ಆ ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದಾಗಿದೆ. ಸಿಎಸ್ಐಆರ್ ಎಂಬ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿಯ ಹೆಸರಿನಲ್ಲಿ ನಡೆಯುವ ನೆಟ್ ಇನ್ನೂ ದೊಡ್ಡದು. ಅದರಲ್ಲಿ ಮೇಲಿನ ರ‍್ಯಾಂಕ್ ಬಂದವರಿಗೆ ಸಂಶೋಧನೆಗೆಂದು ಜೆ.ಆರ್.ಎಫ್. ಶಿಷ್ಯವೇತನ ಸಿಗುತ್ತದೆ: 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಮನೆ ಬಾಡಿಗೆ ಭತ್ಯೆ ಬೇರೆ. ಹಾಗಾದರೆ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ 78, 80 ಅಂಕ ತೆಗೆದ ಮಕ್ಕಳು ಈ ಪರೀಕ್ಷೆಯಲ್ಲಿ ಎಡವುವುದು ಏಕೆ? ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇರುವುದು ಈ ಪ್ರಶ್ನೆಯಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಸೆಮಿಸ್ಟರ್ ಪರೀಕ್ಷೆಯಲ್ಲಿ ಬೀಜಗಣಿತದ ಗ್ರೂಪ್ ಸಿದ್ಧಾಂತದಿಂದ ಒಂದು ಪ್ರಶ್ನೆ ಹೀಗಿರುತ್ತದೆ: "ಸೈಲೋನ ಮೊದಲನೆಯ ಪ್ರಮೇಯವನ್ನು ನಿರೂಪಿಸಿ, ಸಾಧಿಸಿ." ಕಳೆದ ಐದು ವರ್ಷದ ಪ್ರಶ್ನೆಪತ್ರಿಕೆ ತಿರುವಿದರೆ ಅದು ಮೂರು ಸಲ ಬಂದಿರುತ್ತದೆ. ಹಿರಿಯ ವಿದ್ಯಾರ್ಥಿಗಳ ನೋಟ್ಸ್ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ಪುಟದ ಸಾಧನೆಯನ್ನು ಬಾಯಿಪಾಠ ಮಾಡಿ ಸಾಲು ಬಿಡದೆ ಬರೆದವರಿಗೆ ಪೂರ್ತಿ ಅಂಕ. ಮಕ್ಕಳನ್ನು ನಾನು ದೂರುವುದಿಲ್ಲ. ಹಾಗೆ ಬರೆದರೆ ಅಂಕ ಕೊಟ್ಟವರು ನಾವೇ.

ಈಗ ನೆಟ್ ಪರೀಕ್ಷೆಯ ಮೂರನೆಯ ಭಾಗ ನೋಡಿ. ಒಟ್ಟು 200 ಅಂಕಗಳಲ್ಲಿ 95 ಅಂಕ ಈ ಭಾಗದ್ದೇ. 60 ಪ್ರಶ್ನೆಗಳಿರುತ್ತವೆ, 20ಕ್ಕೆ ಉತ್ತರಿಸಿದರೆ ಸಾಕು, ಒಂದೊಂದಕ್ಕೆ 4.75 ಅಂಕ. ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದು ಒಂದೇ ಇರಬೇಕೆಂದಿಲ್ಲ, ಎರಡಿರಬಹುದು, ಮೂರಿರಬಹುದು. ಸರಿಯಾದವನ್ನೆಲ್ಲ ಗುರುತಿಸಿದರೆ ಮಾತ್ರ ಅಂಕ, ಒಂದು ಬಿಟ್ಟರೂ ಸೊನ್ನೆ. ಅಂದಾಜಿನಲ್ಲಿ ಗುರುತು ಹಾಕಿ ಗೆಲ್ಲುವ ಆಟ ಇಲ್ಲಿ ನಡೆಯುವುದಿಲ್ಲ. ಪ್ರಶ್ನೆಯ ಧಾಟಿ ಹೀಗಿರುತ್ತದೆ ಎಂದುಕೊಳ್ಳಿ: ಸರಿಯಾಗಿ 15 ಅಂಶಗಳಿರುವ ಪ್ರತಿಯೊಂದು ಗ್ರೂಪ್ ಸೈಕ್ಲಿಕ್ ಆಗಿರಲೇಬೇಕೆ? 21 ಅಂಶಗಳಿದ್ದರೆ? (ಗ್ರೂಪ್ ಎಂದರೆ ಒಂದಾದ ಮೇಲೊಂದು ಮಾಡಬಹುದಾದ, ಹಿಂದಕ್ಕೂ ತಿರುಗಿಸಬಹುದಾದ ಕ್ರಿಯೆಗಳ ಗುಂಪು ಎಂದುಕೊಳ್ಳಿ. ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಿ ಉಳಿದೆಲ್ಲವನ್ನೂ ಪಡೆಯಬಹುದಾದರೆ ಅದು ಸೈಕ್ಲಿಕ್.)

ಸೈಲೋನ ಪ್ರಮೇಯವನ್ನು ಬಾಯಿಪಾಠ ಮಾಡಿದವರು ಇಲ್ಲಿ ತಡವರಿಸುತ್ತಾರೆ. ಅದನ್ನು ಕೈಯಲ್ಲಿ ಹಿಡಿದು ಬಳಸಿದವರಿಗೆ ಇದು ಎರಡು ನಿಮಿಷದ ಕೆಲಸ. 15 ಎಂದರೆ 3 ಗುಣಿಸು 5. ಐದರಲ್ಲಿ ಒಂದು ಕಳೆದರೆ 4. ಅದನ್ನು 3 ನಿಶ್ಶೇಷವಾಗಿ ಭಾಗಿಸುವುದಿಲ್ಲ. ಆದ್ದರಿಂದ 15 ಅಂಶಗಳ ಗ್ರೂಪ್ ಒಂದೇ ಬಗೆಯದು, ಅದು ಸೈಕ್ಲಿಕ್. 21 ಎಂದರೆ 3 ಗುಣಿಸು 7. ಏಳರಲ್ಲಿ ಒಂದು ಕಳೆದರೆ 6. ಅದನ್ನು 3 ಭಾಗಿಸುತ್ತದೆ. ಅಷ್ಟರಿಂದಲೇ ಇನ್ನೊಂದು ಬಗೆಯ ಗ್ರೂಪ್‌ಗೆ ಎಡೆ ಸಿಗುತ್ತದೆ: ಅದರಲ್ಲಿ ಮೊದಲು ಯಾವುದನ್ನು ಮಾಡಿದಿರಿ, ಆಮೇಲೆ ಯಾವುದನ್ನು ಮಾಡಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಸಾಧನೆಯನ್ನು ಒಪ್ಪಿಸಬಲ್ಲ, ಆದರೆ 15ಕ್ಕೂ 21ಕ್ಕೂ ಇರುವ ವ್ಯತ್ಯಾಸ ಹೇಳಲಾರದ ವಿದ್ಯಾರ್ಥಿಗೆ ಎಂಬತ್ತು ಅಂಕ ಕೊಟ್ಟು ಕಳಿಸಿದರೆ ನಾವು ಆ ಮಗುವಿಗೆ ಸುಳ್ಳು ಹೇಳಿದಂತೆ.

ಈ ಸುಳ್ಳು ಬಯಲಾಗುವುದು ನೆಟ್ ಪರೀಕ್ಷೆಯಲ್ಲಿ ಮಾತ್ರವಲ್ಲ. ಸಂಶೋಧನಾ ಸಂಸ್ಥೆಗಳ ಸಂದರ್ಶನದಲ್ಲಿ "ನಿಮಗೆ ಇಷ್ಟವಾದ ಒಂದು ಪ್ರಮೇಯ ಹೇಳಿ" ಎನ್ನುತ್ತಾರೆ. ಹೇಳಿದ ಕೂಡಲೇ ಅದರಲ್ಲಿನ ಒಂದು ಷರತ್ತನ್ನು ತೆಗೆದು, ಈಗಲೂ ಅದು ನಿಜವೇ ಎಂದು ಕೇಳುತ್ತಾರೆ. ಮೈಸೂರಿನ ಖಾಸಗಿ ಪಿಯು ಕಾಲೇಜುಗಳು ಉಪನ್ಯಾಸಕರನ್ನು ತೆಗೆದುಕೊಳ್ಳುವಾಗ ಕೇಳುವುದು ಬೇರೆ ಬಗೆಯದು, ಆದರೆ ಅದೂ ನೋಟ್ಸ್‌ನಲ್ಲಿ ಸಿಗುವುದಿಲ್ಲ. ಸಿಇಟಿಯಲ್ಲಿ ಗಣಿತದ 60 ಪ್ರಶ್ನೆಗಳಿಗೆ 80 ನಿಮಿಷ. ಆ ವೇಗದಲ್ಲಿ ಮಕ್ಕಳ ಮುಂದೆ ಲೆಕ್ಕ ಬಿಡಿಸಬಲ್ಲವರು ಅವರಿಗೆ ಬೇಕು. ಅಂಥವರಿಗೆ ಅತಿಥಿ ಉಪನ್ಯಾಸಕರಿಗಿಂತ ಹೆಚ್ಚು ಸಂಬಳ ಕೊಡುವ ಕಾಲೇಜುಗಳೂ ಇವೆ.

ಎರಡನೆಯ ತೊಡಕು ನಿಯಮಗಳದ್ದು. ಇವು ಸಣ್ಣಪುಟ್ಟ ನಿಯಮಗಳು. ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕ ಹುದ್ದೆಗೆ ಎಂ.ಎಸ್ಸಿ. ಜೊತೆಗೆ ಬಿ.ಇಡಿ. ಬೇಕು. ಈಗ ಬಿ.ಇಡಿ. ಎರಡು ವರ್ಷದ್ದು. ಪಿಯು ಉಪನ್ಯಾಸಕರಾಗುವುದೇ ಗುರಿ ಎಂದು ಮೊದಲೇ ತಿಳಿದಿದ್ದರೆ ಪಿಯುಸಿ ಮುಗಿದ ಕೂಡಲೇ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆ ಪದವಿ ಮತ್ತು ಶಿಕ್ಷಕ ತರಬೇತಿ ಒಟ್ಟಿಗೇ ಮುಗಿಯುವ ಸಂಯೋಜಿತ ಕೋರ್ಸ್ ನೋಡಬಹುದು. 1963ರಿಂದ ನಮ್ಮ ಊರಿನಲ್ಲೇ ಇರುವ ಈ ಸಂಸ್ಥೆಯ ವಿಚಾರ ಮಂಡ್ಯದ ಎಷ್ಟೋ ಮನೆಗಳಿಗೆ ತಲುಪಿಲ್ಲ.

ಇನ್ನೊಂದು ನಿಯಮ ಹೇಳುತ್ತೇನೆ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಸಾಂಖ್ಯಿಕ ಸೇವೆಯ ಪರೀಕ್ಷೆ ಗಣಿತದವರಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅದಕ್ಕೆ ಕೂರಲು ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು, ಇಲ್ಲವೇ ಸ್ನಾತಕೋತ್ತರ ಪದವಿ ಸಂಖ್ಯಾಶಾಸ್ತ್ರದ್ದೇ ಆಗಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಕಾಂಬಿನೇಷನ್ ತೆಗೆದುಕೊಂಡು ಆಮೇಲೆ ಗಣಿತ ಎಂ.ಎಸ್ಸಿ. ಮಾಡಿದವರು ಚಿನ್ನದ ಪದಕ ಪಡೆದಿದ್ದರೂ ಅರ್ಹರಲ್ಲ. ಹದಿನೆಂಟನೇ ವಯಸ್ಸಿನಲ್ಲಿ, ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಂತು, "ಗೆಳತಿ ಯಾವುದು ತೆಗೆದುಕೊಂಡಳೋ ಅದೇ ಇರಲಿ" ಎಂದು ಬರೆದ ಕಾಂಬಿನೇಷನ್ ಒಂದು ಇಡೀ ಸೇವೆಯ ಬಾಗಿಲು ಮುಚ್ಚುತ್ತದೆ. ಬ್ಯಾಂಕ್ ಅಧಿಕಾರಿ, ಎಫ್‌ಡಿಎ ಇಂಥ ಪರೀಕ್ಷೆಗಳ ಮಾತು ಬೇರೆ. ಅವಕ್ಕೆ ಯಾವುದಾದರೂ ಪದವಿ ಸಾಕು. ಅದೇ ಗುರಿಯಾಗಿದ್ದರೆ ಎಂ.ಎಸ್ಸಿ.ಗೆ ಎರಡು ವರ್ಷ ಕೊಡುವ ಅಗತ್ಯವಿಲ್ಲ.

ಕಂಪನಿಗಳ ಕೆಲಸದ ವಿಚಾರಕ್ಕೆ ಬರುತ್ತೇನೆ. ವಿಮಾ ಕಂಪನಿ ಪ್ರೀಮಿಯಂ ನಿಗದಿ ಮಾಡುವುದು, ಬ್ಯಾಂಕು ಸಾಲ ಕೊಡುವ ಮೊದಲು ಅದು ವಾಪಸು ಬರುತ್ತದೆಯೇ ಎಂದು ಅಳೆಯುವುದು, ಅಂಗಡಿ ಸರಣಿಗಳು ಮುಂದಿನ ತಿಂಗಳ ಬೇಡಿಕೆ ಅಂದಾಜು ಮಾಡುವುದು, ಇವುಗಳ ಒಳಗಿರುವುದು ಸಂಭವನೀಯತೆ ಮತ್ತು ಲೀನಿಯರ್ ಆಲ್ಜೀಬ್ರಾ. ನಮ್ಮ ಮಕ್ಕಳು ಮೂರು ಸಾಲು, ಮೂರು ಕಂಬಸಾಲಿನ ಮ್ಯಾಟ್ರಿಕ್ಸಿನ ಐಗನ್ ಮೌಲ್ಯವನ್ನು ಕಣ್ಣುಮುಚ್ಚಿ ತೆಗೆಯುತ್ತಾರೆ. ಆದರೆ ಒಂದು ಲಕ್ಷ ಗ್ರಾಹಕರ, ಐನೂರು ವಿವರಗಳ ಪಟ್ಟಿಯೂ ಒಂದು ಮ್ಯಾಟ್ರಿಕ್ಸೇ, ಅದರಲ್ಲಿ ಮುಖ್ಯವಾದ ಹತ್ತು ದಿಕ್ಕುಗಳನ್ನು ಹುಡುಕುವುದು ಅದೇ ಐಗನ್ ಮೌಲ್ಯದ ಕೆಲಸ ಎಂದು ಯಾರೂ ಅವರಿಗೆ ತೋರಿಸಿಲ್ಲ. ಎಂ.ಎಸ್ಸಿ.ಯಲ್ಲಿ ಸಂಭವನೀಯತೆಯ ಪತ್ರಿಕೆ ಐಚ್ಛಿಕವಾಗಿ ಇದ್ದರೆ ಅದನ್ನು ಬಿಡಬಾರದು. ಪೈಥಾನ್ ಕಲಿಯಲು ಆರು ತಿಂಗಳು ದಿನಕ್ಕೊಂದು ಗಂಟೆ ಕೂತರೆ ಸಾಕು, ಸಾವಿರಾರು ರೂಪಾಯಿ ಕೊಟ್ಟು ಸರ್ಟಿಫಿಕೇಟ್ ಕೊಳ್ಳಬೇಕಾಗಿಲ್ಲ. ಎಂ.ಟೆಕ್.ನಂಥ ಕೋರ್ಸ್‌ಗಳ ಪ್ರವೇಶಕ್ಕಿರುವ ಗೇಟ್ ಪರೀಕ್ಷೆಯಲ್ಲಿ 2024ರಿಂದ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಗೆಂದೇ ಪ್ರತ್ಯೇಕ ಪತ್ರಿಕೆ ಬಂದಿದೆ. ಗಣಿತ ಗಟ್ಟಿಯಾಗಿರುವವರಿಗೆ ಅದರ ಅರ್ಧ ದಾರಿ ಆಗಲೇ ಸವೆದಿರುತ್ತದೆ. ವಿಮಾ ಗಣಿತದ ಆ್ಯಕ್ಚುವರಿ ವೃತ್ತಿಯೂ ಇದೆ. ಹತ್ತಕ್ಕೂ ಹೆಚ್ಚು ಪರೀಕ್ಷೆ ಪಾಸಾಗಬೇಕಾದ ದೀರ್ಘ ದಾರಿ ಅದು; ಕೆಲಸದಲ್ಲಿದ್ದುಕೊಂಡೇ ಅವನ್ನು ಒಂದೊಂದಾಗಿ ಮುಗಿಸುವವರೇ ಹೆಚ್ಚು.

ಹೆಣ್ಣುಮಕ್ಕಳ ವಿಚಾರವನ್ನು ಬಿಟ್ಟು ಈ ಲೇಖನ ಮುಗಿಸಲಾರೆ. ನಮ್ಮ ಕಡೆಯ ಯಾವ ಗಣಿತ ಎಂ.ಎಸ್ಸಿ. ತರಗತಿಗೆ ಹೋದರೂ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಅವರೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದಿಂದ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣಕ್ಕೆ ದಿನವೂ ಬಂದು ಹೋಗುವುದಕ್ಕೆ ಬಸ್ಸಿನ ಖರ್ಚಿಲ್ಲ. ಇದರಿಂದ ಎಷ್ಟೋ ಹುಡುಗಿಯರಿಗೆ ಇನ್ನೆರಡು ವರ್ಷ ಓದುವ ಅವಕಾಶ ಸಿಕ್ಕಿದೆ. ಆದರೆ ಕೆಲವು ಮನೆಗಳಲ್ಲಿ ಆ ಎರಡು ವರ್ಷ ಎಂದರೆ ಗಂಡು ಹುಡುಕುವ ಎರಡು ವರ್ಷ. ಬೆಂಗಳೂರಿಗೋ ಚೆನ್ನೈಗೋ ಸಂಶೋಧನೆಗೆ ಕಳಿಸಿ ಎಂದರೆ ಅಪ್ಪ ಮಾತೇ ಆಡುವುದಿಲ್ಲ. ನನ್ನ ಅನುಭವದಲ್ಲಿ ಆ ಮೌನವನ್ನು ಮುರಿದದ್ದು ಉಪದೇಶವಲ್ಲ, 37,000 ಎಂಬ ಸಂಖ್ಯೆ. ಮಗಳ ಓದಿಗೆ ತಿಂಗಳು ತಿಂಗಳು ಹಣ ಬರುತ್ತದೆ, ಅದೂ ಐದು ವರ್ಷ ಎಂದು ತಿಳಿದಾಗ ಮಾತು ಶುರುವಾಗುತ್ತದೆ. ಆದ್ದರಿಂದ ಕಾಲೇಜಿನ ಪೋಷಕರ ಸಭೆಗಳಲ್ಲಿ ಈ ಶಿಷ್ಯವೇತನಗಳ ವಿವರವನ್ನು ಫಲಿತಾಂಶದ ಪಟ್ಟಿಗಿಂತ ಮೊದಲು ಹೇಳಬೇಕು ಎಂದು ನಾನು ಹಟ ಹಿಡಿಯುತ್ತಿದ್ದೆ.

ಸಂಶೋಧನೆಗೆ ದೂರವೇ ಹೋಗಬೇಕೆಂದೂ ಇಲ್ಲ. ಮೈಸೂರಿನ ಗಣಿತಕ್ಕೆ ಒಂದು ಹೆಮ್ಮೆಯ ಪರಂಪರೆ ಇದೆ. ರಾಮಾನುಜನ್ ತಮ್ಮ ನೋಟುಪುಸ್ತಕಗಳಲ್ಲಿ ಸಾಧನೆ ಕೊಡದೆ ಸೂತ್ರಗಳನ್ನಷ್ಟೇ ಬರೆದಿಟ್ಟು ಹೋದರು. ಎರಡನೆಯ ನೋಟುಪುಸ್ತಕದ 16ನೇ ಅಧ್ಯಾಯದ ಸೂತ್ರಗಳಿಗೆ ಸಾಧನೆ ಒದಗಿಸಿದ ಕೃತಿಯೊಂದು 1985ರಲ್ಲಿ ಅಮೆರಿಕದ ಗಣಿತ ಸಂಘದಿಂದ ಪ್ರಕಟವಾಯಿತು. ಅದರ ಲೇಖಕರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಬ್ರೂಸ್ ಬರ್ನ್ಟ್ ಜೊತೆಗೆ ಮೈಸೂರು ವಿಶ್ವವಿದ್ಯಾಲಯದ ಎಸ್. ಭಾರ್ಗವ ಮತ್ತು ಚಂದ್ರಶೇಖರ ಅಡಿಗ ಇದ್ದಾರೆ. ಗ್ರಾಫ್ ಸಿದ್ಧಾಂತದಲ್ಲಿ ಇ. ಸಂಪತ್‌ಕುಮಾರ್ ಅವರ ಹೆಸರು ಮಾನಸಗಂಗೋತ್ರಿಯ ಜೊತೆ ಸೇರಿಕೊಂಡಿದೆ. ಕುಕ್ಕರಹಳ್ಳಿ ಕೆರೆಯ ಪಕ್ಕದ ಆವರಣದಲ್ಲಿ ಇಂಥ ಕೆಲಸ ನಡೆದಿದೆ ಎಂದು ಅಲ್ಲಿಯೇ ಓದುವ ಮಕ್ಕಳಿಗೆ ಹೇಳುವವರು ಬೇಕು. ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಗೈಡ್ ಸಿಕ್ಕರು ಎಂಬ ಒಂದೇ ಕಾರಣಕ್ಕೆ ಪಿಎಚ್.ಡಿ.ಗೆ ಸೇರಬೇಡಿ. ಅವರು ಕಳೆದ ಮೂರು ವರ್ಷದಲ್ಲಿ ಬರೆದದ್ದನ್ನು ತೆರೆದು ನೋಡಿ. ಒಂದೇ ವ್ಯಾಖ್ಯೆಯಲ್ಲಿ ಒಂದು ಪದ ಬದಲಿಸಿ, ದುಡ್ಡು ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳಲ್ಲಿ ಪ್ರಕಟಿಸಿದ್ದು ಕಂಡರೆ ಅಲ್ಲಿಂದ ಹೊರಡಿ. ಐದು ವರ್ಷದ ಪ್ರಾಯ ಮತ್ತೆ ಬರುವುದಿಲ್ಲ.

ಈಚೆಗೆ ಪೋಷಕರು ಕೇಳುವ ಪ್ರಶ್ನೆ ಇನ್ನೊಂದಿದೆ: ಕಂಪ್ಯೂಟರೇ ಲೆಕ್ಕ ಬಿಡಿಸುವಾಗ ಗಣಿತ ಓದಿ ಏನು ಪ್ರಯೋಜನ? ಭಯಕ್ಕೆ ಕಾರಣವಿದೆ. 2025ರ ಜುಲೈನಲ್ಲಿ ಗೂಗಲ್ ಡೀಪ್‌ಮೈಂಡ್‌ನ ವ್ಯವಸ್ಥೆಯೊಂದು ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರು ಪ್ರಶ್ನೆಗಳಲ್ಲಿ ಐದನ್ನು ಬಿಡಿಸಿ 42ಕ್ಕೆ 35 ಅಂಕ ಪಡೆಯಿತು. ಅದು ಚಿನ್ನದ ಪದಕದ ಮಟ್ಟ. ಬಾಯಿಪಾಠದ ಸಾಧನೆಗೆ ಇನ್ನು ಬೆಲೆ ಉಳಿಯುವುದು ಕಷ್ಟ. ಆದರೆ ಇದೇ ಯಂತ್ರಗಳು ತಪ್ಪು ಸಾಧನೆಯನ್ನೂ ಅಷ್ಟೇ ಧೈರ್ಯದಿಂದ ಬರೆದುಕೊಡುತ್ತವೆ. ಏಳನೇ ಸಾಲಿನಲ್ಲಿ ಜಾರಿದ್ದೀಯ ಎಂದು ಬೆರಳಿಟ್ಟು ತೋರಿಸುವವರು ಬೇಕಾಗುತ್ತಾರೆ. ಅದು ಗಣಿತವನ್ನು ನಿಜವಾಗಿ ಕಲಿತವರಿಂದ ಮಾತ್ರ ಸಾಧ್ಯ.

ಹಾಗಾದರೆ ಯಾವಾಗ ಶುರು ಮಾಡಬೇಕು? ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ, ಆದ್ದರಿಂದ ಸಮಯ ಇನ್ನೂ ಕಡಿಮೆ. ಪದವಿ ವಿದ್ಯಾರ್ಥಿಗಳಿಗೆಂದೇ ಮಾಧವ ಗಣಿತ ಸ್ಪರ್ಧೆ ಇದೆ. 1993ರಿಂದ ನಡೆದುಬಂದಿರುವ ಎಂ.ಟಿ.ಟಿ.ಎಸ್. ಎಂಬ ಬೇಸಿಗೆ ಶಿಬಿರವಿದೆ. ಅಲ್ಲಿ ಪಾಠ ಹೇಳುವವರು ಉತ್ತರ ಕೊಡುವುದಿಲ್ಲ, ಪ್ರಶ್ನೆ ಕೇಳಿ ಕೇಳಿ ವಿದ್ಯಾರ್ಥಿಗಳ ಬಾಯಿಂದಲೇ ಸಾಧನೆ ಹೊರಡಿಸುತ್ತಾರೆ. ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ ಇದೆ. ಅದರಲ್ಲಿ ಸೀಟು ಸಿಗದಿದ್ದರೂ ಅದಕ್ಕೆಂದು ಓದಿದ್ದು ವ್ಯರ್ಥವಾಗುವುದಿಲ್ಲ. ಮಂಡ್ಯದ ಒಂದು ಕಾಲೇಜಿನಲ್ಲಿ ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ: ವಾರಕ್ಕೊಂದು ಶನಿವಾರ, ಒಂದು ಕರಿಹಲಗೆ, ಮೊದಲೇ ಉತ್ತರ ನೋಡಿಕೊಂಡು ಬಾರದ ಒಬ್ಬ ಉಪನ್ಯಾಸಕರು.

ಮಳವಳ್ಳಿ ಕಡೆಯ ಹಳ್ಳಿಯಿಂದ ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಎಂ.ಎಸ್ಸಿ.ಯಲ್ಲಿ 81 ಪರ್ಸೆಂಟ್ ಬಂದಿತ್ತು. ನೆಟ್ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣಳಾಗಿ, ಅತಿಥಿ ಉಪನ್ಯಾಸಕಿಯಾಗಿ ಕೆಲಸ ಮಾಡುತ್ತಿದ್ದಾಳೆ. ಕಳೆದ ವರ್ಷ ನಮ್ಮ ಮನೆಗೆ ಬಂದಾಗ ಅವಳಿಗೆ ಇದೇ 21ರ ಪ್ರಶ್ನೆ ಕೊಟ್ಟೆ. ಪುಸ್ತಕ ತೆರೆಯುವಂತಿಲ್ಲ ಎಂದೆ. ಎರಡು ಭಾನುವಾರ ಹಾಳೆ ಹಾಳೆ ಬರೆದು ಹರಿದಳು. ಮೂರನೆಯ ಭಾನುವಾರ ಬಂದಾಗ ಅವಳ ಕೈಯಲ್ಲಿ ಒಂದೇ ಹಾಳೆ ಇತ್ತು. ವಾರದ ಏಳು ದಿನಗಳಂತೆ ಸುತ್ತಿ ಬರುವ ಏಳು ಸಂಖ್ಯೆಗಳನ್ನು ತೆಗೆದುಕೊಂಡಿದ್ದಳು. ಒಂದು ಸಂಖ್ಯೆಯನ್ನು 1, 2 ಅಥವಾ 4ರಿಂದ ಗುಣಿಸಿ, ಅದಕ್ಕೆ 0ಯಿಂದ 6ರವರೆಗಿನ ಒಂದು ಸಂಖ್ಯೆ ಕೂಡಿಸಬೇಕು. ಮೂರು ಗುಣಿಸು ಏಳು, ಒಟ್ಟು 21 ಕ್ರಿಯೆಗಳು.

"ನೋಡಿ ಮೇಡಂ, ಮೊದಲು ಎರಡರಿಂದ ಗುಣಿಸಿ ಆಮೇಲೆ ಒಂದು ಕೂಡಿಸಿದರೆ ಎಕ್ಸ್‌ನ ಎರಡರಷ್ಟು, ಅದರ ಮೇಲೆ ಒಂದು. ಮೊದಲು ಒಂದು ಕೂಡಿಸಿ ಆಮೇಲೆ ಗುಣಿಸಿದರೆ ಮೇಲೆ ಎರಡು ಬರುತ್ತದೆ. ಎರಡೂ ಒಂದೇ ಅಲ್ಲ," ಎಂದಳು. ಆಮೇಲೆ ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಿ 55 ಎಂದು ಬರೆದು, ತಾನಾಗಿಯೇ ಅದನ್ನು 5 ಮತ್ತು 11 ಎಂದು ಒಡೆಯಲು ಶುರು ಮಾಡಿದಳು.